ಅಳಿಸಿದ ಪಟ್ಟಿಯಲ್ಲಿ ಉಳಿದ ಸಾಲು

ನವೆಂಬರ್ ೧೬, ಭಾನುವಾರ. ಗದ್ವಾಲ.

ಯಾವ ಆ್ಯಪ್ ಇಟ್ಟುಕೊಳ್ಳಲಿ ಎಂದಷ್ಟೇ ಬರೆದು ದಿನಚರಿ ಮುಚ್ಚುವವಳಿದ್ದೆ. ನಮ್ಮ ಅಂಗಡಿಗೆ ಸೀರೆ ನೇಯ್ದುಕೊಡುವ ಸತ್ಯಮ್ಮನವರ ವಿಷಯ ಬಿಟ್ಟೇಬಿಡುತ್ತಿದ್ದೆ.

ಮಾಡಬೇಕಾದ ಕೆಲಸ ಬರೆದಿಡಲು ಹದಿನೈದು ದಿನದಲ್ಲಿ ಮೂರು ಆ್ಯಪ್ ನೋಡಿದೆ. ಎರಡನೆಯದು ಹಿಡಿಸಲಿಲ್ಲ, ಅಳಿಸಿದೆ. ‘ಗಿರಾಕಿಗೆ ಈಗ ಹಸಿರು ಅಂಚು ಬೇಕು, ಸತ್ಯಮ್ಮನವರಿಗೆ ಹೇಳುವುದು’ ಎಂಬ ಸಾಲು ಅದರಲ್ಲೇ ಇತ್ತು. ಬರೆದಿಟ್ಟಿದ್ದಕ್ಕೇ ಹೇಳಿಯಾಯಿತು ಎಂದು ನಂಬಿಕೊಂಡಿದ್ದೆ.

ಇವತ್ತು ಸತ್ಯಮ್ಮನವರು ತಮ್ಮೂರು ರಾಜೋಳಿಯಿಂದ ಸೀರೆ ತಂದು ಅಂಗಡಿಯಲ್ಲಿ ಬಿಚ್ಚಿದರು. ಕೆಂಪು ಅಂಚು. ಉಳಿದ ನೇಕಾರರ ಎದುರಿಗೇ ಕೇಳಿದೆ: “ಹಸಿರು ಅಂತ ಹೇಳಿದ್ದೆನಲ್ಲರೀ?”

“ಹೇಳಿರಬೇಕು ಬಿಡ್ರಿ ಅಕ್ಕಾರ. ನನ್ನ ತಲೀನೇ ನೆಟ್ಟಗಿಲ್ಲ.”

“ಮನಿ ಎಲ್ಲೈತಿ ಅಂತನೂ ಬರಕೊಂಡು ಹೋಗವಾ, ದಾರಿ ಮರತೀ!” ಎಂದು ನೇಕಾರ ಪೆದ್ದಯ್ಯ ಎಲ್ಲರನ್ನೂ ನಗಿಸಿದ.

ಸತ್ಯಮ್ಮನವರು ನಗಲಿಲ್ಲ. ಸೀರೆಯ ಬುಟ್ಟಾ ಹೂಗಳ ಎಳೆ ಲೆಕ್ಕವನ್ನೆಲ್ಲ ಒಂದಕ್ಷರ ಬರೆಯದೆ ತಲೆಯಲ್ಲೇ ಇಟ್ಟುಕೊಂಡು ನೇಯುವವರು. “ಇನ್ನ ಮ್ಯಾಲ ಸೊಸಿ ಕೈಲಿ ಬರಸ್ತೀನ್ರಿ” ಎಂದು ಎದ್ದು ಹೋದರು.

ಸಂಜೆ ಅನುಮಾನ ಬಂದು ಆ ಆ್ಯಪ್ ಮತ್ತೆ ಹಾಕಿ, ಹಳೇ ಖಾತೆ ತೆರೆದು ನೋಡಿದೆ. ಸಾಲು ಹಾಗೇ ಇತ್ತು, ಮುಗಿದ ಗುರುತಿಲ್ಲದೆ.

ಅವರೊಬ್ಬರಿಗೆ ಫೋನಿನಲ್ಲಿ ಹೇಳಿದರೆ ಸಾಲದು. ನಕ್ಕವರೆಲ್ಲ ಓದಬೇಕು, ನೇಕಾರರ ವಾಟ್ಸಾಪ್ ಗುಂಪಿನಲ್ಲೇ ತಪ್ಪು ನನ್ನದು ಎಂದು ಹಾಕಬೇಕು. ಗುರುವಾರ ಅಮಾವಾಸ್ಯೆ, ಮಗ್ಗಕ್ಕೆ ರಜೆ, ಎಲ್ಲರೂ ಬಿಡುವಾಗಿರುತ್ತಾರೆ, ಆಗ ಹಾಕೋಣ ಎಂದುಕೊಂಡೆ. ಇದು ಕಾರಣವೋ, ನೆಪವೋ? ಅಲ್ಲಿಯವರೆಗೆ ಅವರು ಒಂದೊಂದು ಎಳೆ ಎಣಿಸುವಾಗಲೂ ತಮ್ಮನ್ನೇ ಅನುಮಾನಿಸುತ್ತಿರುತ್ತಾರೆ. ಬೇಡ. ಅವರು ಮಗ್ಗಕ್ಕೆ ಕೂರುವ ಮೊದಲೇ ಹಾಕುತ್ತೇನೆ. ನಾಳೆ, ನವೆಂಬರ್ ೧೭.