ಅಣ್ಣಿಗೇರಿಯಲ್ಲಿ ಅರ್ಧ ತಾಸು

ಹುಬ್ಬಳ್ಳಿ, ೨೧೮೭ನೇ ಇಸವಿ, ಫೆಬ್ರವರಿ ೩೦

ನೂರೈವತ್ತು ವರ್ಷಕ್ಕೂ ಹಿಂದೆ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತಿರುವ ಹಿರಿಯರಿಗೆ,

ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಯಾಕೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕುಳಿತಿರುವಂಥ ನೀಲಿ ಬೋಗಿಗಳು ಇಲ್ಲಿ ನಾಲ್ಕೇ ಉಳಿದಿವೆ. ಅವುಗಳ ಸ್ಪ್ರಿಂಗು, ಬ್ರೇಕು, ಗಾಲಿ ಎಲ್ಲ ನೋಡಿಕೊಳ್ಳುವವನು ನಾನು. ಸೀಟು ಹೊಲಿಯುವವಳು ನನ್ನ ಹೆಂಡತಿ ಗುರುಶಾಂತವ್ವ. ಇಲ್ಲಿ ಓಡುವುದೆಲ್ಲ ಬಾಣಗಾಡಿ, ಅಂದರೆ ಕಿಟಕಿ ತೆರೆಯದ, ಹೊಲದವರ ಮುಖ ಕಾಣುವಷ್ಟೂ ನಿಧಾನಿಸದ ಗಾಡಿ. ಅವು ಓಡುವ ದಾರಿಯಲ್ಲೇ ನಮ್ಮದನ್ನೂ ಬಿಡಲು ಒಪ್ಪಿಗೆ ಬೇಕು. ಸಿಗದಿದ್ದರೆ ನಾಲ್ಕೂ ಬೋಗಿ ಪ್ರದರ್ಶನಕ್ಕೆಂದು ಉದ್ಯಾನದ ಕಟ್ಟೆ ಏರುತ್ತವೆ, ಮತ್ತೆ ಇಳಿಯುವುದಿಲ್ಲ.

ನಿನ್ನೆ ಪರೀಕ್ಷೆಯ ಓಟ. ಒಪ್ಪಿಗೆ ಕೊಡುವ ತಹಸೀನಾ ನದಾಫ ಸಣ್ಣ ವಯಸ್ಸಿನವಳು, ನಗುವುದು ಕಡಿಮೆ. ಬ್ರೇಕು ಪಾಸು, ಗಾಲಿ ಪಾಸು. ಹೆಬಸೂರು ದಾಟಿದ ಮೇಲೆ ಹೊಲದ ಹೆಂಗಸರು ಕೈ ಎತ್ತಿದರು. ಗುರುಶಾಂತವ್ವ ಕಿಟಕಿಯ ಸರಳುಗಳ ನಡುವೆ ಕೈ ಹೊರಗೆ ಹಾಕಿ ಬೀಸಿದಳು. ಹಳಿಯ ಪಕ್ಕ ಕಾವಲುಗಣ್ಣು ಎಂಬ ಯಂತ್ರ ಇರುತ್ತದೆ. ಗಾಡಿಯಿಂದ ಏನು ಹೊರಬಂದರೂ ದಾರಿಯ ಗಾಡಿಗಳನ್ನೆಲ್ಲ ನಿಲ್ಲಿಸುತ್ತದೆ. ಹುಬ್ಬಳ್ಳಿಯಿಂದ ಗದಗಿನವರೆಗೆ ಎಲ್ಲ ನಿಂತವು.

ನಾನು ಬೈದೆ. “ಕೈ ಮಡಚಿಕೊಂಡು ಕುಂದ್ರಾಕ ಬರಂಗಿಲ್ಲೇನು ನಿನಗ?”

“ಅವರು ಕೈ ಎತ್ತಿದ್ರ ನಾ ಏನು ಕಂಬ ಆಗ್ಲೇನು?” ಅಂದಳು.

ಕಿಟಕಿಗೆಲ್ಲ ಗಾಜು ಬಡಿದರೆ ಈಗಲೇ ಸಹಿ ಎಂದಳು ತಹಸೀನಾ. ಹಾಗಾದರೆ ಉದ್ಯಾನಕ್ಕೇ ಒಯ್ಯಿರಿ ಎಂದು ನಾನು ಕೂಗಿದೆ. ಆಮೇಲೆ ಅದನ್ನು ಬರೆದುಕೊಂಡಳೇನೋ ಎಂದು ಇಣುಕಿ ನೋಡಿದೆ.

ತಡವಾಗಿದ್ದ ಬಾಣಗಾಡಿಗಳನ್ನು ಮುಂದೆ ಬಿಡಲು ನಮ್ಮನ್ನು ಅಣ್ಣಿಗೇರಿಯ ಪಕ್ಕದ ಹಳಿಗೆ ತಳ್ಳಿದರು. ಅಲ್ಲಿ ಕಾವಲುಗಣ್ಣಿಲ್ಲ. ಗಾಡಿ ಕಂಡು ಊರವರು ಕಿಟಕಿಗೆ ಬಂದರು. ಗುರುತಿಲ್ಲದವರು ಗುರುಶಾಂತವ್ವನ ಕೈ ಹಿಡಿದು ಯಾವೂರು, ಊಟ ಆಯಿತೇ ಎಂದು ಕೇಳಿದರು. ಮುದುಕಿಯೊಬ್ಬಳು ತಹಸೀನಾಳ ಕಿಟಕಿಗೆ ಹುರಿದ ಶೇಂಗಾ ಚಾಚಿ, “ತಿನ್ನವಾ, ಬಿಕೋ ಅಂತ ಕುಂತೀಯಲ್ಲ” ಅಂದಳು. ತಹಸೀನಾ ತಿಂದಳು. ಸಿಪ್ಪೆ ಎಲ್ಲಿ ಹಾಕಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡಳು.

“ಓಡೂವಾಗ ಶಟರ್ ಮುಚ್ಚಿರ್ಬೇಕ್ರಿ, ಅಜ್ಜಾರ. ಅಣ್ಣಿಗೇರ್ಯಾಗ ಅರ್ಧಾ ತಾಸು ನಿಂದ್ರಿಸ್ತೀನಿ. ಅಲ್ಲಿ ಯಾರ ಕೈಯಾರ ಹಿಡ್ಕೋರಿ,” ಎಂದು ತಹಸೀನಾ ಸಹಿ ಹಾಕಿದಳು.

ನಮಗೆ ಸಿಕ್ಕಿದ್ದು ಅರ್ಧ ತಾಸು. ನಿಮಗೆ ಬೇಸರ ಬರುವಷ್ಟು ಸಿಗುತ್ತದೆ. ಕ್ರಾಸಿಂಗಿಗೆ ಗಾಡಿ ನಿಂತಾಗ ಶಾಪ ಹಾಕುತ್ತೀರಂತೆ; ಹಾಕಿ, ಆದರೆ ಹೊರಗೆ ಯಾರಿದ್ದಾರೆಂದು ಒಮ್ಮೆ ನೋಡಿ.

ಇನ್ನೊಂದು ಕೆಲಸ. ಗುರುಶಾಂತವ್ವನ ಕಿಟಕಿಯ ಚಿಲಕ ಸವೆದಿದೆ, ಎತ್ತಿದ ಶಟರ್ ನಿಲ್ಲುವುದಿಲ್ಲ. ನಾಳೆ ಅಣ್ಣಿಗೇರಿಯಲ್ಲಿ ಅವಳು ಕೈ ಚಾಚಿದಾಗ ನಾನೇ ಅದನ್ನು ಎತ್ತಿ ಹಿಡಿದು ನಿಲ್ಲುತ್ತೇನೆ. ನನ್ನ ತೋಳೂ ಹಳೆಯದು. ಬೋಗಿಗಳನ್ನು ಗುಜರಿಗೆ ಹಾಕುವ ಮುಂಚೆ ನಿಮ್ಮಲ್ಲಿ ಯಾರಾದರೂ ನಾಲ್ಕು ಚಿಲಕ ನಮಗಾಗಿ ಬಿಚ್ಚಿಡಿ.

ಇಂತಿ,
ಅಡಿವೆಪ್ಪ ಬಡಿಗೇರ