ದಿವಾನ್ ನೋಡಾಕ ಬಂದವರ ಮುಂದ

ರೀ,

ಒಲಿ ಮ್ಯಾಲ ಬ್ಯಾಳಿ ಕುದಿಯಾಕತ್ತಿತ್ತು, ಇಳಿಸಿ ಹೊಂಟೇನಿ. ಒಗ್ಗರಣಿ ನೀವ ಹಾಕ್ಕೋರಿ.

ಆನ್‌ಲೈನ್‌ನ್ಯಾಗ ಮಾರಾಕ ಹಾಕಿದ ನಮ್ಮ ಪಡಸಾಲಿ ದಿವಾನ್ ಫೋಟೋ ನೋಡಿ ಬೈರಿದೇವರಕೊಪ್ಪದವರು ಇವತ್ತು ಬರ್ತಾರ. ಚಹಾ ಕೊಡ್ರಿ. ಆದರ ಅದರ ಕಾಲು ನೀವ ಅಲುಗಾಡಿಸಿ ತೋರಿಸಬ್ಯಾಡ್ರಿ. "ನಮ್ಮವ್ವ ಇದರ ಮ್ಯಾಲೇ ಜೀವ ಬಿಟ್ಲು" ಅಂತನೂ ಹೇಳಬ್ಯಾಡ್ರಿ. ಹಿಂದ ಬಂದವರೆಲ್ಲಾ ಅದನ್ನ ಕೇಳಿ, ನಿಮ್ಮನ್ನ ಸಮಾಧಾನ ಮಾಡಿ, ಅವಲಕ್ಕಿ ತಿಂದು ಬರಿಗೈಲೆ ಹೋದ್ರು.

ಸೋಮವಾರ ನನ್ನ ಹೊಲಿಗಿ ಕ್ಲಾಸ್ ಚಾಲೂ ಆಗತೈತಿ. ಪಡಸಾಲಿ ತುಂಬ ದಿವಾನ್ ಇದ್ರ ಕಲ್ಯಾಕ ಬರೋ ಹುಡುಗ್ಯಾರನ್ನ ಎಲ್ಲಿ ಕೂಡಿಸಲಿ, ಮಾಳಗಿ ಮ್ಯಾಲೇನು?

ಕೊಡಾಕ ಮನಸಿಲ್ಲಂದ್ರ ಗಿರಾಕಿ ಮುಂದ ಅಳೂದು ಬಿಟ್ಟು ನನ್ನ ಮುಂದ ಹೇಳ್ರಿ. ಅತ್ತಿಯವರ ದಿವಾನ್ ನಾವು ಮಲಗೋ ಖೋಲಿಗೆ ಹೋಗಲಿ, ನಮ್ಮ ದೊಡ್ಡ ಮಂಚ ಮಾರೂಣು. ಅದರ ಫೋಟೋ ನಾ ಆಗಲೇ ತೆಗೆದಿಟ್ಟೇನಿ.

ಸುಜಾತಾ