ಹ್ಯಾರಿಯೆಟಮ್ಮನ ಬಾಗಿಲಿನ ಎರಡು ತೂತು

ಅದಲ್ಲ ಅಧ್ಯಕ್ಷರೇ, ನಿನ್ನೆ ಲಿಫ್ಟಿನಲ್ಲಿ ನೀವು "ಅಂಕಲ್, ರೂಲ್ ಎಲ್ಲರಿಗೂ ಒಂದೇ" ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಮಹಡಿ ಬಂತು, ಇಳಿದು ಹೋದಿರಿ. ನನ್ನ ಉತ್ತರ ನನ್ನ ಜೊತೆಗೇ ಕೆಳಗಿನವರೆಗೂ ಹೋಗಿ, ಟಪಾಲು ಪೆಟ್ಟಿಗೆ ನೋಡಿಕೊಂಡು ಮತ್ತೆ ಮೂರನೇ ಮಹಡಿಗೆ ಬಂತು. ಅದನ್ನೇ ಈಗ ಬರೆಯುತ್ತಿದ್ದೇನೆ. ಡೆಟ್ರಾಯಿಟ್ ಮಗ್ಗುಲಿನ ಸೌತ್‌ಫೀಲ್ಡಿನ ನಮ್ಮ ಈ ಕಟ್ಟಡದ ನಿವಾಸಿಗಳ ಸಂಘಕ್ಕೆ ನೀವು ಅಧ್ಯಕ್ಷರು. ಮೈಸೂರಿನವರು, ಕನ್ನಡ ಓದಬಲ್ಲವರು. ಆದ್ದರಿಂದ ಇದು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಎದುರು ಬರುತ್ತದೆ. ಮೊಮ್ಮಗಳು ತನಿಷಾ ಫೋಟೋ ತೆಗೆದು ಹಾಕುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು, ಹಾಗಾಗಿ ತಡೆಯುವುದೂ ಇಲ್ಲ.

ನನ್ನ ತಕರಾರು ಇಷ್ಟೇ. ಹೋದ ವಾರ ಕಾರಿಡಾರಿಗೆ ಬಣ್ಣ ಹೊಡೆಸಿದಿರಿ. ಬಾಗಿಲ ಹೊರಗೆ ಯಾರೂ ಏನನ್ನೂ ತೂಗುಹಾಕಬಾರದು, ಮೊಳೆ ಹೊಡೆಯಬಾರದು ಎಂದು ಹೊಸ ನಿಯಮ ಮಾಡಿದಿರಿ. ನಮ್ಮ ಎದುರು ಮನೆಯ ಹ್ಯಾರಿಯೆಟ್ ಎಂಬ ಯಹೂದಿ ಹೆಂಗಸು, ವಯಸ್ಸು ಎಂಬತ್ತರ ಹತ್ತಿರ, ತಮ್ಮ ಬಾಗಿಲ ಚೌಕಟ್ಟಿನ ಬಲಗಡೆ ನಾವು ಲಿಂಗ ಇಡುತ್ತೇವಲ್ಲ, ಅಂಥದೇ ಬೆರಳುದ್ದದ ಒಂದು ಲೋಹದ ಕರಡಿಗೆ ಹಾಕಿಕೊಂಡಿದ್ದರು. ಮೆಝೂಝಾ ಅನ್ನುತ್ತಾರೆ. ಒಳಗೆ ಚರ್ಮದ ಚೂರಿನ ಮೇಲೆ ಕೈಯಲ್ಲಿ ಬರೆದ ದೇವರ ಮಾತು ಇರುತ್ತದೆ. ನಿಮ್ಮ ಪೇಂಟರು ಅದನ್ನು ಬಿಚ್ಚಿ, ಎರಡು ತೂತನ್ನೂ ಮುಚ್ಚಿ ಬಣ್ಣ ಬಳಿದು, ಹಳೆಯ ಸ್ಕ್ರೂಗಳ ಜೊತೆ ಒಂದು ರಟ್ಟಿನ ಡಬ್ಬದಲ್ಲಿ ಎಸೆದಿದ್ದ. ಅದು ವಾಪಸು ಚೌಕಟ್ಟಿಗೆ ಹೋಗದಿದ್ದರೆ ಅವರು ಈ ಮನೆಯಲ್ಲಿ ಇರುವುದಿಲ್ಲ. ಭಾನುವಾರ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸಿನಿಂದ ಅವರ ಮಗ ಕಾರು ತರುತ್ತಾನೆ, ಕರೆದುಕೊಂಡು ಹೋಗುತ್ತಾನೆ. ಇವತ್ತು ಶುಕ್ರವಾರ.

ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವನು, ದಾವಣಗೆರೆ ಕಡೆಯವನು. ಡಬ್ಬದಲ್ಲಿ ಆ ಕರಡಿಗೆ ಕಣ್ಣಿಗೆ ಬಿತ್ತು. ದೇವರನ್ನು ಹೀಗೆ ಕಸದಲ್ಲಿ ಬಿಡುವುದುಂಟೇ? ಎತ್ತಿಕೊಂಡು ಬಂದೆ, ಮೂರು ಬೆರಳಿನಲ್ಲಿ ಅದಕ್ಕೆ ವಿಭೂತಿ ಹಚ್ಚಿದೆ, ಬಿಳಿ ವಸ್ತ್ರದಲ್ಲಿ ಸುತ್ತಿ ನನ್ನ ಪೂಜೆಯ ಜಾಗದಲ್ಲಿ ಇಟ್ಟೆ. ಸಂಜೆ ಆಕೆ ಬಾಗಿಲು ತಟ್ಟಿದರು. ವಸ್ತ್ರ ಬಿಚ್ಚಿ ಕೊಟ್ಟೆ. ಅವರು ಆ ಬೂದಿಯ ಪಟ್ಟೆಗಳನ್ನು ನೋಡಿದರು, ನನ್ನ ಹಣೆ ನೋಡಿದರು.

"ಮಿಸ್ಟರ್ ಗುರು, ಇದಕ್ಕೆ ಮೇಕಪ್ ಮಾಡಿದ್ದೀರಾ?"

"ನೋ ಮೇಡಂ, ರೆಸ್ಪೆಕ್ಟ್" ಅಂದೆ. ಅಷ್ಟೇ ಹೊಳೆದದ್ದು.

ಅವರು ನಕ್ಕರು. ನಮ್ಮ ವಿಗ್ರಹ, ಬೂದಿ ಇದೆಲ್ಲ ಅವರಲ್ಲಿ ಆಗುವುದಿಲ್ಲವೆಂದು ನನಗೆ ಮಗಳು ನಿರುಪಮಾ ಆಮೇಲೆ ಹೇಳಿದ್ದು. ಅವರು ಮಾತ್ರ ಸೆರಗಿನಂತೆ ಸ್ವೆಟರಿನ ತೋಳು ಎಳೆದು ಅದನ್ನು ಒರೆಸಿ, "ನಮ್ಮಪ್ಪ ಇದನ್ನು ಬಚ್ಚಿಟ್ಟರು, ನೀವು ಬೂದಿ ಬಳಿದಿರಿ, ಇದರ ಪಾಡಿಗೆ ಇದನ್ನು ಯಾರೂ ಬಿಡುವುದಿಲ್ಲ" ಅಂದರು. ಆಮೇಲೆ ನಮ್ಮ ಸೋಫಾದ ಮೇಲೆ ಕೂತು ಕಥೆ ಹೇಳಿದರು. ಅದನ್ನೇ ನಾನು ಸಂಘದ ಸಭೆಯಲ್ಲಿ ಹೇಳಲು ಎದ್ದದ್ದು. ಆದರೆ ನನ್ನ ಕಾಲೇಜಿನ ಇಂಗ್ಲಿಷು ನಿಮಗೆ ಗೊತ್ತೇ ಇದೆ. "ಐ ಬೆಗ್ ಟು ಸ್ಟೇಟ್" ಎಂದು ಗಟ್ಟಿಯಾಗಿ ಶುರುವಾಯಿತು, ಮುಂದಿನದು ಬರಲೇ ಇಲ್ಲ. ನೀವು "ಥ್ಯಾಂಕ್ಯೂ ಅಂಕಲ್" ಅಂದಿರಿ. ಸಭೆ ಪಾರ್ಕಿಂಗ್ ಜಾಗದ ಹಿಮ ಎತ್ತುವ ವಿಷಯಕ್ಕೆ ಹೋಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಕಾಲ ಅದು. ಹ್ಯಾರಿಯೆಟಮ್ಮ ಆಗ ಲಂಗದ ಹುಡುಗಿ. ಡೆಟ್ರಾಯಿಟಿನ ಡೆಕ್ಸ್‌ಟರ್ ರಸ್ತೆಯಲ್ಲಿ ಅಪ್ಪ ಹೈಮನ್ ಅವರಿಗೆ ಬೂಟಿನ ಅಂಗಡಿ. ಮನೆ ದಲ್ಲಾಳಿಗಳು ಫೋನ್ ಮಾಡುತ್ತಿದ್ದರಂತೆ: ನಿಮ್ಮ ಬೀದಿಗೆ ಕಪ್ಪು ಜನ ಬರುತ್ತಿದ್ದಾರೆ, ಈಗಲೇ ಮಾರಿ, ಇಲ್ಲದಿದ್ದರೆ ಬೆಲೆ ಬಿದ್ದುಹೋಗುತ್ತದೆ. ಸರಿ, ಮಾರಿ ಎಲ್ಲಿಗೆ ಹೋಗೋಣ? ಹೈಮನ್ ಅವರಿಗೆ ಸರೋವರದ ದಂಡೆಯ ಒಂದು ಊರಿನ ಮೇಲೆ ಕಣ್ಣು. ಅಲ್ಲಿನ ದಲ್ಲಾಳಿಗಳು ಕೊಳ್ಳುವವರಿಗೆ ಅಂಕ ಕೊಡುತ್ತಿದ್ದರು. ಬಣ್ಣಕ್ಕೆ ಅಂಕ, ಮಾತಿನ ಧಾಟಿಗೆ ಅಂಕ, ಹೆಸರಿಗೆ ಅಂಕ. ಯಹೂದಿಗಳು ಪಾಸಾಗಲು ಉಳಿದವರಿಗಿಂತ ಹೆಚ್ಚು ಬೇಕು. ನಮ್ಮಂಥ ಬಣ್ಣದವರಿಗೆ ಪರೀಕ್ಷೆಗೆ ಕೂರಲೂ ಬಿಡುತ್ತಿರಲಿಲ್ಲ. ಓಡಿಸುವವರೂ ದಲ್ಲಾಳಿಗಳೇ, ಒಳಗೆ ಬಿಡದವರೂ ದಲ್ಲಾಳಿಗಳೇ!

ಆ ಊರಿನ ದಲ್ಲಾಳಿಗಳ ಕಡೆಯಿಂದ ವಿಚಾರಣೆಗೆ ಒಬ್ಬ ಮನುಷ್ಯ ಮನೆಗೆ ಬರುತ್ತಾನೆಂದು ಗೊತ್ತಾಯಿತು. ಆ ಬೆಳಿಗ್ಗೆ ಹೈಮನ್ ತಮ್ಮ ಕೈಯಾರೆ ಮೆಝೂಝಾ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಚೌಕಟ್ಟಿನ ಎರಡು ತೂತಿಗೆ ಪುಟ್ಟಿಯಂಥ ಲಪ್ಪ ತುಂಬಿ ಬಣ್ಣ ಬಳಿದರು. ಹೆಂಡತಿ ಕೇಳಿದರಂತೆ, ಏನು ಮಾಡುತ್ತಿದ್ದೀರಿ ಎಂದು. "ಹೆಸರು ಬದಲಾಯಿಸಲು ಮನಸ್ಸಿಲ್ಲ, ಮೂಗು ಬದಲಾಯಿಸಲು ಆಗುವುದಿಲ್ಲ, ಬಾಗಿಲು ಬದಲಾಯಿಸುತ್ತಿದ್ದೇನೆ." ಬಂದವನು ಬಹಳ ಸಭ್ಯ. ಕಾಫಿ ಕುಡಿದ, ಹುಡುಗಿಯ ಓದು ವಿಚಾರಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಚೌಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದ. ಲಪ್ಪ ಒಣಗಿರಲಿಲ್ಲ. ಬೆರಳು ನೋಡಿಕೊಂಡು ಕರವಸ್ತ್ರಕ್ಕೆ ಒರೆಸಿದ. "ಚೆಂದದ ಮನೆ. ಇಲ್ಲೇ ಚೆನ್ನಾಗಿದ್ದೀರಲ್ಲ" ಎಂದು ಹೇಳಿ ಟೋಪಿ ಹಾಕಿಕೊಂಡು ಹೋದ.

ಅಷ್ಟೇ. ಬೈಗುಳವಿಲ್ಲ, ಗಲಾಟೆಯಿಲ್ಲ. ಮರುದಿನ ಹೈಮನ್ ಅದೇ ತೂತುಗಳಿಗೆ ಉದ್ದನೆಯ ಸ್ಕ್ರೂ ಹಾಕಿ ಕರಡಿಗೆಯನ್ನು ವಾಪಸು ಕೂರಿಸಿ ಮಗಳಿಗೆ ಹೇಳಿದರಂತೆ: ಇನ್ನು ಇದನ್ನು ಯಾರಿಗೋಸ್ಕರವೂ ಇಳಿಸುವುದಿಲ್ಲ. ಆಮೇಲೆ ಅವರು ಓಕ್ ಪಾರ್ಕ್ ಎಂಬ ಊರಿಗೆ ಹೋದರು, ಮಗಳು ಮದುವೆಯಾಗಿ ಸೌತ್‌ಫೀಲ್ಡಿಗೆ ಬಂದರು. ಪ್ರತಿ ಮನೆಯಲ್ಲೂ ಅದೇ ಕರಡಿಗೆ, ಅದೇ ಉದ್ದನೆಯ ಸ್ಕ್ರೂ. ನಿಮ್ಮ ಪೇಂಟರನ ಬ್ಯಾಟರಿ ಡ್ರಿಲ್ಲಿಗೆ ಉದ್ದ ಗಿಡ್ಡ ಎಲ್ಲ ಒಂದೇ, ಬಿಡಿ.

ನೀವು ಆ ಸಭ್ಯ ಮನುಷ್ಯನಂತೆ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಯಾರು ಬೇಡ ಎಂದು ಗೊತ್ತಿತ್ತು. ನಿಮಗೆ ಯಾರ ಮೇಲೂ ದ್ವೇಷವಿಲ್ಲ, ಬಣ್ಣ ಸಮವಾಗಿದ್ದರೆ ಸಾಕು. "ನಮ್ಮನೆ ತೋರಣಾನೂ ತೆಗೆಸಿದೀನಿ ಅಂಕಲ್" ಅಂದಿರಿ. ಸಂತೋಷ. ಆದರೆ ನಿಮ್ಮ ತೋರಣ ಪ್ಲಾಸ್ಟಿಕ್ಕಿನದು, ದೀಪಾವಳಿ ಮುಗಿದ ಮೇಲೆ ಹೇಗೂ ಡಬ್ಬ ಸೇರುವಂಥದು. ಅದನ್ನು ಬಿಟ್ಟುಕೊಟ್ಟು ನೀವು ತ್ಯಾಗಿಯಾಗಿಬಿಟ್ಟಿರಾ? "ಒಳಗಡೆ ಹಾಕ್ಕೊಳ್ಲಿ, ಯಾರ್ ಬೇಡ ಅಂದ್ರು" ಎಂದೂ ಅಂದಿರಿ. ನನ್ನ ಲಿಂಗ ಅಂಗಿಯೊಳಗಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ನಾನು ಇಲ್ಲಿ ಸುಖವಾಗಿದ್ದೇನೆ. ಅವರ ದೇವರು ಹೊಸಿಲಿನ ಹೊರಗೇ ನಿಲ್ಲುತ್ತೇನೆ ಎಂದು ಹೇಳಿದರೆ ಅದು ಅವರ ತಪ್ಪೇ? ಇವತ್ತು ಆ ಸರೋವರದ ದಂಡೆಯ ಊರಿನಲ್ಲಿ ನಮ್ಮ ಕೂಟದ ಡಾಕ್ಟರೊಬ್ಬರ ಮನೆಯಿದೆ. ಯುಗಾದಿಗೆ ಹೋಗಿ ಹೋಳಿಗೆ ತಿಂದು ಬಂದೆ. ಪರೀಕ್ಷೆಯನ್ನು ಹೋರಾಡಿ ರದ್ದು ಮಾಡಿಸಿದವರು ಯಾರೋ, ಹೋಳಿಗೆ ತಿಂದವರು ನಾವು.

ನನ್ನ ಹೆಂಡತಿ ತೀರಿಕೊಂಡಾಗ ಈ ಹ್ಯಾರಿಯೆಟಮ್ಮ ಒಂದು ತಟ್ಟೆ ಬೇಯಿಸಿದ ಮೊಟ್ಟೆ ತಂದಿದ್ದರು. ಸತ್ತ ಮನೆಯವರಿಗೆ ಮೊಟ್ಟೆ ಕೊಡುವುದು ಅವರ ಪದ್ಧತಿ. ನಾವು ಮೊಟ್ಟೆ ಮುಟ್ಟದ ಜನ! ತೆಗೆದುಕೊಂಡೆ. ದುಃಖದಲ್ಲಿರುವವರು ಮಾತಾಡುವ ತನಕ ಬಂದವರು ಮಾತಾಡಬಾರದಂತೆ. ನಾನು ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ, ತಟ್ಟೆ ನಡುವೆ ಇತ್ತು. ಆ ದಿನ ಬಂದುಹೋದ ಕನ್ನಡದವರೆಲ್ಲ ಒಳ್ಳೆಯ ಮಾತೇ ಆಡಿದ್ದರು, ಒಂದೂ ನೆನಪಿಲ್ಲ.

ಅವರ ಮಗ ಕೋರ್ಟಿಗೆ ಹೋಗೋಣ ಅಂದನಂತೆ, ಗೆಲ್ಲುವ ಕೇಸು ಅಂತ. ಇವರಿಗೆ ಬೇಡ. "ನೆರೆಹೊರೆಯವರು ಜಡ್ಜ್ ಹೇಳಿದ ಮೇಲೆ ನನ್ನನ್ನು ಸಹಿಸಿಕೊಳ್ಳುವುದಾದರೆ ಏನು ಬಂತು, ಮಿಸ್ಟರ್ ಗುರು?" ನಾನಿರುವ ಮನೆ ಮಗಳ ಹೆಸರಿನಲ್ಲಿದೆ, ನನಗೆ ಸಂಘದಲ್ಲಿ ವೋಟೂ ಇಲ್ಲ. ಡಿಯರ್‌ಬಾರ್ನಿನ ಕೆಲಸದಿಂದ ಸುಸ್ತಾಗಿ ಬರುವ ನಿರುಪಮಾ "ಅಪ್ಪಾಜಿ, ನಮಗ್ಯಾಕೆ, ಸುಮ್ನಿರಿ" ಅನ್ನುತ್ತಾಳೆ. ಸುಮ್ಮನಿರಲು ನೋಡಿದೆ, ಅದೂ ಕೈಲಾಗಲಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಭಾನುವಾರದೊಳಗೆ ಸ್ಕ್ರೂಡ್ರೈವರ್ ಹಿಡಿದು ನೀವೇ ಮೇಲೆ ಬನ್ನಿ. ಪೇಂಟರನನ್ನು ಕಳಿಸಬೇಡಿ. ಆ ಎರಡು ತೂತನ್ನು ಮತ್ತೆ ತೆರೆದು, ಅವರ ಎದುರು ನಿಂತು ಕೂರಿಸಿ ಹೋಗಿ. ನಿಯಮ ಆಮೇಲೆ ತಿದ್ದಿ. ನೀವು ಬರುತ್ತೀರೆಂಬ ನಂಬಿಕೆ ನನಗೆ

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಶುಕ್ರವಾರ ಕತ್ತಲಾದರೆ ಹ್ಯಾರಿಯೆಟಮ್ಮನಿಗೆ ವಾರದ ವ್ರತ, ಸಬ್ಬತ್ತು; ಮರುದಿನ ಕತ್ತಲಾಗುವ ತನಕ ಅವರು ಲೈಟಿನ ಸ್ವಿಚ್ ಮುಟ್ಟುವುದಿಲ್ಲ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹಾಕಿಡಲು ಮರೆತಿರುತ್ತಾರೆ, ಹಾಲಿನ ತುಂಬ ಪೆಟ್ಟಿಗೆ, ಎಡವಿಯಾರು. ಹಾಕಿ ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲವಂತೆ. ನನಗೇ ಏನೋ ಬೇಕಿತ್ತು ಎಂಬಂತೆ ಹೋಗಿ ನಾನೇ ದೀಪ ಹಾಕಬೇಕು. ಹೋಗಿಬರುತ್ತೇನೆ.

ಇಂತಿ,
ಎಲ್ಲ ನೋಡಿದ, ಯಾವ ಉಪಯೋಗಕ್ಕೂ ಬಾರದ ಸಾಕ್ಷಿ,
ಗುರುಶಾಂತಪ್ಪ
ಮೂರನೇ ಮಹಡಿ, ಎದುರು ಮನೆ